ಕೋಲ್‌ಫ್ಯಾಕ್ಸ್ ಊರಿನ ಮೂರು ಬರಹಗಳು

ಅಮೆರಿಕದ ಲೂಯಿಸಿಯಾನಾ ರಾಜ್ಯದಲ್ಲಿ ಕೋಲ್‌ಫ್ಯಾಕ್ಸ್ ಅಂತ ಒಂದು ಪುಟ್ಟ ಊರಿದೆ. ಜನಸಂಖ್ಯೆ ಒಂದೂವರೆ ಸಾವಿರದ ಆಸುಪಾಸು. ಅಲ್ಲಿನ ಕೋರ್ಟಿನ ಮುಂದೆ 2021ರ ಮೇ ತಿಂಗಳವರೆಗೂ ಸರ್ಕಾರ ನಿಲ್ಲಿಸಿದ ಒಂದು ಲೋಹದ ಫಲಕ ಇತ್ತು. ಅದರ ಮೇಲೆ ಬರೆದಿದ್ದು ಎರಡೇ ವಾಕ್ಯ. ಅದರ ತಾತ್ಪರ್ಯ ಹೀಗಿದೆ: "ಈ ಜಾಗದಲ್ಲಿ ಕೋಲ್‌ಫ್ಯಾಕ್ಸ್ ಗಲಭೆ ನಡೆಯಿತು. ಅದರಲ್ಲಿ ಮೂವರು ಬಿಳಿಯರು ಮತ್ತು 150 ನೀಗ್ರೋಗಳು ಹತರಾದರು. 1873ರ ಏಪ್ರಿಲ್ 13ರ ಈ ಘಟನೆಯಿಂದ ದಕ್ಷಿಣದಲ್ಲಿ ಕಾರ್ಪೆಟ್‌ಬ್ಯಾಗ್ ದುರಾಡಳಿತ ಕೊನೆಗೊಂಡಿತು." ಕಾರ್ಪೆಟ್‌ಬ್ಯಾಗ್ ಅನ್ನುವುದು ಉತ್ತರದಿಂದ ಬಂದ ರಾಜಕಾರಣಿಗಳಿಗೆ ದಕ್ಷಿಣದ ಬಿಳಿಯರ ಬೈಗುಳ.

ಮೂರು ಮತ್ತು ನೂರೈವತ್ತು. ಗಲಭೆ ಅಂದರೆ ಎರಡು ಕಡೆಯವರೂ ಹೊಡೆದಾಡಿಕೊಂಡರು ಅಂತ ತಾನೇ? ಹೊಡೆದಾಟದಲ್ಲಿ ಒಂದು ಕಡೆ ಮೂರು ಜನ, ಇನ್ನೊಂದು ಕಡೆ ನೂರೈವತ್ತು ಜನ ಸಾಯುತ್ತಾರಾ? ಫಲಕ ಬರೆಸಿದವರು ಆ ಲೆಕ್ಕವನ್ನು ಮುಚ್ಚಿಡಲೂ ಇಲ್ಲ. ಎಲ್ಲರಿಗೂ ಕಾಣುವ ಹಾಗೆ ದಪ್ಪ ಅಕ್ಷರದಲ್ಲಿ ಹಾಕಿಸಿದರು. ಆಮೇಲೆ ಅದನ್ನೊಂದು ಒಳ್ಳೆಯ ಸುದ್ದಿಯ ಹಾಗೆ ಮುಗಿಸಿದರು. ಅದು ಎಪ್ಪತ್ತು ವರ್ಷ ಹಾಗೇ ನಿಂತಿತ್ತು.

ಟೆಕ್ಸಾಸ್‌ನ ಡಲ್ಲಾಸ್ ಕಡೆ ಇರುವ ನಮ್ಮ ಕನ್ನಡದವರು ರಜೆಯಲ್ಲಿ ಕಾರಲ್ಲಿ ನ್ಯೂ ಆರ್ಲಿಯನ್ಸ್‌ಗೆ ಹೋಗುವಾಗ ಶ್ರೀವ್‌ಪೋರ್ಟ್ ದಾಟಿ ಐ-49 ಹೆದ್ದಾರಿ ಹಿಡಿಯುತ್ತಾರೆ. ನಾನೂ ಆ ದಾರಿಯಲ್ಲಿ ಹೋದವನೇ. ನ್ಯಾಕಟಿಶ್ ದಾಟಿದ ಮೇಲೆ ಸ್ವಲ್ಪ ಹೊತ್ತಿಗೆ ಪೂರ್ವಕ್ಕೆ ತಿರುಗಿ ರೆಡ್ ನದಿ ದಾಟಿದರೆ ಕೋಲ್‌ಫ್ಯಾಕ್ಸ್. ದೊಡ್ಡ ರಸ್ತೆಯಲ್ಲೇ ಹೋದರೆ ಅಂಥ ಊರೊಂದು ಇದೆ ಅಂತಲೂ ಗೊತ್ತಾಗಲ್ಲ. ನವೆಂಬರ್ ತಿಂಗಳಲ್ಲಿ ಅಲ್ಲಿ ಪೀಕಾನ್ ಕಾಯಿಯ ಜಾತ್ರೆ ನಡೆಯುತ್ತದೆ, 1969ರಿಂದ ನಡೆದುಬಂದದ್ದು. ಸುತ್ತಮುತ್ತಲಿನವರಿಗೆ ಊರಿನ ಹೆಸರು ಗೊತ್ತಿರುವುದು ಅದರಿಂದ. ಅಮೆರಿಕದ ಕಾನೂನು ಓದಿದವರಿಗೆ ಗೊತ್ತಿರುವುದು ಬೇರೆಯದೇ ಕಾರಣಕ್ಕೆ. ಅದಕ್ಕೆ ಆಮೇಲೆ ಬರುತ್ತೇನೆ.

ಅಮೆರಿಕದಲ್ಲಿ ರಸ್ತೆ ಬದಿಯ ಇತಿಹಾಸದ ಫಲಕಗಳು ಶುರುವಾದದ್ದೇ ಕಾರಿನವರಿಗಾಗಿ. ವರ್ಜೀನಿಯಾ ರಾಜ್ಯ 1927ರಲ್ಲಿ ಹೆದ್ದಾರಿ ಪಕ್ಕ ಇವನ್ನು ನೆಡಲು ತೊಡಗಿತು. ಉಳಿದ ರಾಜ್ಯಗಳೂ ಹಿಂದೆ ಬಂದವು. ಕಾರು ನಿಲ್ಲಿಸಿ ಒಂದು ನಿಮಿಷದಲ್ಲಿ ಓದಿ ಮುಗಿಸುವಷ್ಟು ಬರಹ ಇರಬೇಕು. ಅಷ್ಟರಲ್ಲಿ ಒಂದು ಊರಿನ ಕಥೆ ಹೇಳಬೇಕು ಅಂದರೆ ಯಾವುದನ್ನು ಇಟ್ಟುಕೊಳ್ಳುತ್ತೀರಿ, ಯಾವುದನ್ನು ಬಿಡುತ್ತೀರಿ ಅನ್ನುವುದೇ ಎಲ್ಲ. ಹಾಗಾಗಿ ನಾನು ಈಗ ಫಲಕ ಓದುವಾಗ ಕೆಳಗಿನ ಸಾಲನ್ನು ಮೊದಲು ನೋಡುತ್ತೇನೆ. ಯಾರು ನಿಲ್ಲಿಸಿದ್ದು, ಯಾವ ವರ್ಷ. ಕೋಲ್‌ಫ್ಯಾಕ್ಸ್‌ನ ಫಲಕ ಬಂದದ್ದು 1950-51ರಲ್ಲಿ. ನಿಲ್ಲಿಸಿದ್ದು ಲೂಯಿಸಿಯಾನಾದ ವಾಣಿಜ್ಯ ಮತ್ತು ಕೈಗಾರಿಕೆ ಇಲಾಖೆ. ರಾಜ್ಯಕ್ಕೆ ವ್ಯಾಪಾರ ತರುವ ಇಲಾಖೆ! ದಾರಿಹೋಕರು ನೋಡಲಿ ಅಂತ ಆ ಇಲಾಖೆ ಈ ಊರಿನಲ್ಲಿ ಆರಿಸಿಕೊಂಡ ಸಂಗತಿ ಇದು.

ಈಗ ಆ ದಿನದ ಕಥೆ. ಇದನ್ನು ನಿಧಾನವಾಗಿ ಹೇಳಬೇಕು.

ರೆಡ್ ನದಿಯ ಈ ದಂಡೆಯಲ್ಲಿ ಮೊದಲು ಇದ್ದದ್ದು ಮೆರೆಡಿತ್ ಕ್ಯಾಲ್‌ಹೂನ್ ಎಂಬ ಜಮೀನ್ದಾರನ ಹತ್ತಿ ಮತ್ತು ಕಬ್ಬಿನ ತೋಟಗಳು. 1860ರ ಹೊತ್ತಿಗೆ ಅಲ್ಲಿ ಸುಮಾರು 700 ಗುಲಾಮರಿದ್ದರು. ಉತ್ತರ ಮತ್ತು ದಕ್ಷಿಣದ ರಾಜ್ಯಗಳ ನಡುವಿನ ಅಂತರ್ಯುದ್ಧ 1865ರಲ್ಲಿ ಮುಗಿಯಿತು. ಗುಲಾಮಗಿರಿ ಹೋಯಿತು. ಅದೇ ಜನ ಅದೇ ಹೊಲಗಳಲ್ಲಿ ಈಗ ಕೂಲಿಗೆ, ಪಾಲಿಗೆ ದುಡಿಯತೊಡಗಿದರು. ಜೊತೆಗೆ ಮತದ ಹಕ್ಕೂ ಸಿಕ್ಕಿತು. 1869ರಲ್ಲಿ ಅಲ್ಲೊಂದು ಹೊಸ ಜಿಲ್ಲೆ ಮಾಡಿದರು. ಲೂಯಿಸಿಯಾನಾದಲ್ಲಿ ಜಿಲ್ಲೆಗೆ ಪ್ಯಾರಿಷ್ ಅನ್ನುತ್ತಾರೆ. ಹೊಸ ಪ್ಯಾರಿಷ್‌ಗೆ ಆಗಿನ ಅಧ್ಯಕ್ಷ ಗ್ರ್ಯಾಂಟ್ ಹೆಸರು ಇಟ್ಟರು. ಮುಖ್ಯ ಊರಿಗೆ ಉಪಾಧ್ಯಕ್ಷ ಸ್ಕೈಲರ್ ಕೋಲ್‌ಫ್ಯಾಕ್ಸ್ ಹೆಸರು. ಗ್ರ್ಯಾಂಟ್ ಅಂದರೆ ದಕ್ಷಿಣದ ಸೈನ್ಯವನ್ನು ಸೋಲಿಸಿದ ದಳಪತಿ. ಸೋತವರ ನೆಲದಲ್ಲಿ ಗೆದ್ದವನ ಹೆಸರಿನ ಜಿಲ್ಲೆ! ಅಲ್ಲಿನ ಬಿಳಿಯರಿಗೆ ಪ್ರತಿ ಸರ್ಕಾರಿ ಕಾಗದದಲ್ಲೂ ಆ ಹೆಸರು ಓದುವಾಗ ಏನನಿಸುತ್ತಿತ್ತೋ ಊಹಿಸಬಹುದು.

ಕೋರ್ಟು ಕಟ್ಟಲು ದುಡ್ಡಿರಲಿಲ್ಲ. ಕ್ಯಾಲ್‌ಹೂನ್ ತೋಟದ ಕುದುರೆ ಲಾಯವನ್ನೇ ಕೋರ್ಟು ಮಾಡಿಕೊಂಡರು. ಜಮೀನ್ದಾರನ ಮಗ ವಿಲಿಯಂ ಕ್ಯಾಲ್‌ಹೂನ್ ಹೊಸ ವ್ಯವಸ್ಥೆಯ ಪರವಾಗಿದ್ದ. ಅದಕ್ಕೇ ಸುತ್ತಲಿನ ಬಿಳಿಯರಿಗೆ ಅವನ ಮೇಲೆ ಸಿಟ್ಟಿತ್ತು. ಅಪ್ಪನ ಕುದುರೆ ಕಟ್ಟುತ್ತಿದ್ದ ಕಟ್ಟಡದಲ್ಲಿ, ಅಪ್ಪನ ಗುಲಾಮರಾಗಿದ್ದವರು ಮತದಾರರಾಗಿ, ಪಂಚರಾಗಿ ಬಂದು ಕೂರತೊಡಗಿದರು. ಇದಾದದ್ದು ನಾಲ್ಕೈದು ವರ್ಷಗಳಲ್ಲಿ. ಇಷ್ಟು ಬೇಗ ಬದಲಾದ ಇನ್ನೊಂದು ಕಾಲ ಆ ದೇಶದಲ್ಲಿ ಬಂದಿಲ್ಲ ಅಂತ ನನಗನಿಸುತ್ತದೆ.

1872ರ ನವೆಂಬರ್‌ನಲ್ಲಿ ರಾಜ್ಯಪಾಲರ ಚುನಾವಣೆ ಆಯಿತು. ಅಮೆರಿಕದಲ್ಲಿ ರಾಜ್ಯಪಾಲ ಅಂದರೆ ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ, ಜನ ನೇರವಾಗಿ ಆರಿಸುತ್ತಾರೆ. ಆಗ ಕಪ್ಪು ಜನರ ಹಕ್ಕಿನ ಪರ ಇದ್ದ ರಿಪಬ್ಲಿಕನ್ ಪಕ್ಷದ ವಿಲಿಯಂ ಪಿಟ್ ಕೆಲಾಗ್ ಮತ್ತು ಎದುರಾಳಿ ಜಾನ್ ಮೆಕೆನರಿ, ಇಬ್ಬರೂ ತಾನೇ ಗೆದ್ದೆ ಅಂದರು. ಮೋಸ, ಬೆದರಿಕೆ ವಿಪರೀತ ನಡೆದಿತ್ತು. ಆ ಗೊಂದಲದ ನಡುವೆಯೇ ಪಿಂಚ್‌ಬ್ಯಾಕ್ ಎಂಬ ಕಪ್ಪು ನಾಯಕ 1872ರ ಡಿಸೆಂಬರ್‌ನಿಂದ 1873ರ ಜನವರಿವರೆಗೆ ಕೆಲವು ವಾರ ಹಂಗಾಮಿ ರಾಜ್ಯಪಾಲನಾಗಿದ್ದ. ಅಮೆರಿಕದ ಯಾವುದೇ ರಾಜ್ಯಕ್ಕೆ ಮೊದಲ ಕಪ್ಪು ರಾಜ್ಯಪಾಲ ಅವನೇ. ಕೊನೆಗೆ ಕೇಂದ್ರ ಸರ್ಕಾರ ಕೆಲಾಗ್ ಪರ ನಿಂತಿತು. ಆದರೆ ಪ್ರತಿ ಪ್ಯಾರಿಷ್‌ನಲ್ಲೂ ಇಬ್ಬಿಬ್ಬರು ಶೆರಿಫ್ (ಅಂದರೆ ಪೊಲೀಸ್ ಮುಖ್ಯಸ್ಥ), ಇಬ್ಬಿಬ್ಬರು ನ್ಯಾಯಾಧೀಶರು ಹಕ್ಕು ಹೇಳುವ ಪರಿಸ್ಥಿತಿ ಬಂತು.

ಗ್ರ್ಯಾಂಟ್ ಪ್ಯಾರಿಷ್‌ನಲ್ಲಿ 1873ರ ಮಾರ್ಚ್ ಕೊನೆಗೆ ರಿಪಬ್ಲಿಕನ್ನರು ಕೋರ್ಟನ್ನು ವಶಕ್ಕೆ ತೆಗೆದುಕೊಂಡರು. ಎದುರಾಳಿಗಳು ಅದನ್ನು ಕಿತ್ತುಕೊಳ್ಳುತ್ತಾರೆ ಅಂತ ಸುದ್ದಿ ಹಬ್ಬಿತು. ಕಾವಲಿಗೆ ಕಪ್ಪು ಜನ ಬಂದು ಸೇರಿದರು. ಅವರಲ್ಲಿ ಅಂತರ್ಯುದ್ಧದಲ್ಲಿ ಉತ್ತರದ ಕಡೆ ಹೋರಾಡಿದ ಸೈನಿಕರೂ ಇದ್ದರು. ಅವರ ಮುಂದಾಳು ವಿಲಿಯಂ ವಾರ್ಡ್ ಅಂಥವನೇ. ಕೋರ್ಟಿನ ಸುತ್ತ ಆಳವಿಲ್ಲದ ಒಂದು ಕಂದಕ ತೋಡಿಕೊಂಡರು. ಹಳೆಯ ಕೊಳವೆಗಳನ್ನು ತೋಪಿನ ಹಾಗೆ ಮಾಡಲು ನೋಡಿದರು. ಕೋವಿಗಳಲ್ಲಿ ಬಹಳಷ್ಟು ಬೇಟೆಗೆ ಬಳಸುವಂಥವು, ಮದ್ದುಗುಂಡೂ ಸಾಲದಷ್ಟು.

ಏಪ್ರಿಲ್ 5ರಂದು ಜೆಸ್ಸಿ ಮೆಕಿನ್ನಿ ಎಂಬ ರೈತನನ್ನು ಬಿಳಿಯರ ಒಂದು ಗುಂಪು ಅವನ ಮನೆಯ ಹತ್ತಿರವೇ ಗುಂಡಿಟ್ಟು ಕೊಂದಿತು. ಅವನು ಯಾವ ಕಾವಲಿನಲ್ಲೂ ಇರಲಿಲ್ಲ. ಬೇಲಿ ಸರಿ ಮಾಡುತ್ತಿದ್ದ. ಆ ಕೊಲೆ ಆದ ಮೇಲೆ ಸುತ್ತಲಿನ ಕಪ್ಪು ಕುಟುಂಬಗಳು ಹೆಂಗಸರು ಮಕ್ಕಳ ಸಮೇತ ಕೋರ್ಟಿನ ಕಡೆ ಓಡಿಬಂದವು. ಮನೆಯಲ್ಲಿದ್ದರೂ ಸಾವು ಅಂದಮೇಲೆ ಗುಂಪಿನಲ್ಲಿ ಇರುವುದೇ ವಾಸಿ ಅನಿಸಿತು. ಸಹಾಯ ಕೇಳಲು ವಾರ್ಡ್ ನ್ಯೂ ಆರ್ಲಿಯನ್ಸ್‌ಗೆ ಹೊರಟ. ಅಲ್ಲಿಂದ ಸೈನ್ಯ ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಏಪ್ರಿಲ್ 13 ಈಸ್ಟರ್ ಭಾನುವಾರ. ಶೆರಿಫ್ ಹುದ್ದೆ ತನ್ನದು ಅನ್ನುತ್ತಿದ್ದ ಕ್ರಿಸ್ಟೋಫರ್ ಕೊಲಂಬಸ್ ನ್ಯಾಶ್ ಮುಂದಾಳಾಗಿ, ಕುದುರೆ ಮೇಲೆ ಕೋವಿ ಹಿಡಿದ ಬಿಳಿಯರು ಬಂದರು. ಹತ್ತಿರ ಹತ್ತಿರ ನೂರೈವತ್ತು ಜನ. ಜೊತೆಗೆ ಒಂದು ಸಣ್ಣ ಫಿರಂಗಿ. ಹೆಂಗಸರು ಮಕ್ಕಳು ಹೊರಗೆ ಹೋಗಲು ಅರ್ಧ ಗಂಟೆ ಕೊಟ್ಟರು. ಆಮೇಲೆ ಗುಂಡು ಹಾರಿತು. ಫಿರಂಗಿಯನ್ನು ಪಕ್ಕದಿಂದ ತಂದು ಹಾರಿಸಿದಾಗ ಕಂದಕದಲ್ಲಿದ್ದವರ ಕಟ್ಟು ಮುರಿಯಿತು. ಕೆಲವರು ಕಾಡಿನ ಕಡೆ, ನದಿಯ ಕಡೆ ಓಡಿದರು. ಕುದುರೆಯವರು ಬೆನ್ನಟ್ಟಿ ಕೊಂದರು. ಉಳಿದವರು ಕೋರ್ಟಿನೊಳಗೆ ಹೊಕ್ಕರು. ದಾಳಿ ಮಾಡಿದವರು ಸೂರಿಗೆ ಬೆಂಕಿ ಹಚ್ಚಿದರು. ಅದಕ್ಕೂ ಬಲವಂತವಾಗಿ ಒಬ್ಬ ಕಪ್ಪು ಮನುಷ್ಯನನ್ನೇ ಬಳಸಿದರು. ಒಳಗಿನಿಂದ ಶರಣಾಗತಿಯ ಬಿಳಿ ಬಟ್ಟೆ ಹೊರಬಂತು.

ಆ ಹೊತ್ತಿಗೆ ಬಿಳಿಯರ ಕಡೆಯ ಜೇಮ್ಸ್ ಹ್ಯಾಡ್ನಟ್‌ಗೆ ಗುಂಡು ತಗುಲಿತು. ಶರಣಾದವರೇ ಹೊಡೆದರು ಅಂತ ಒಂದು ಮಾತು, ಅವನ ಹಿಂದೆಯೇ ಇದ್ದ ತನ್ನವರ ಗುಂಡು ಅಂತ ಇನ್ನೊಂದು ಮಾತು. ಯಾವುದೇ ಆಗಿರಲಿ, ಆಮೇಲೆ ನಡೆದದ್ದಕ್ಕೆ ಹೋರಾಟ ಅನ್ನಲು ಬರುವುದಿಲ್ಲ. ಬೆಂಕಿಯಿಂದ ಹೊರಬಂದವರನ್ನು ಬಂದ ಹಾಗೆ ಕೊಂದರು. ಇನ್ನೂ ಸುಮಾರು ನಲವತ್ತು ಜನರನ್ನು ಸೆರೆ ಹಿಡಿದು ಇಟ್ಟುಕೊಂಡರು. ಬೆಳಿಗ್ಗೆ ಬಿಟ್ಟುಬಿಡುತ್ತೇವೆ ಅಂತ ನಂಬಿಸಿದರು. ಕತ್ತಲಾದ ಮೇಲೆ ಇಬ್ಬಿಬ್ಬರನ್ನಾಗಿ ಸಾಲು ಮಾಡಿ ನಡೆಸಿಕೊಂಡು ಹೋಗಿ ಗುಂಡಿಟ್ಟರು. ಲೆವಿ ನೆಲ್ಸನ್ ಮತ್ತು ಬೆಂಜಮಿನ್ ಬ್ರಿಮ್ ಗುಂಡು ತಿಂದೂ ಬದುಕಿದರು. ಸತ್ತವರ ಹಾಗೆ ಬಿದ್ದಿದ್ದು, ಆಮೇಲೆ ತೆವಳಿಕೊಂಡು ತಪ್ಪಿಸಿಕೊಂಡರು. ಆ ರಾತ್ರಿಯ ಬಗ್ಗೆ ಇವತ್ತು ನಮಗೆ ಗೊತ್ತಿರುವುದರಲ್ಲಿ ಬಹಳಷ್ಟು ಈ ಇಬ್ಬರು ಕೋರ್ಟಿನಲ್ಲಿ ಎದ್ದು ನಿಂತು ಹೇಳಿದ್ದು. ಕೊಂದವರು ಎದುರಿಗೇ ಕುಳಿತಿದ್ದರು. ಮನೆಗೆ ವಾಪಸ್ ಅದೇ ಪ್ಯಾರಿಷ್‌ಗೆ ಹೋಗಬೇಕಿತ್ತು. ಆದರೂ ಹೇಳಿದರು.

ಸತ್ತವರೆಷ್ಟು? ಎರಡು ದಿನ ಬಿಟ್ಟು ಬಂದ ಅಧಿಕಾರಿಗಳು ಹೆಣಗಳನ್ನು ಹೂಳಿಸಿ, 62 ಅಂತ ವರದಿ ಕೊಟ್ಟರು. ಆ ಹೊತ್ತಿಗೆ ನದಿಗೆ ಎಸೆದವು, ಮನೆಯವರು ಗುಟ್ಟಾಗಿ ಒಯ್ದು ಹೂತವು ಲೆಕ್ಕಕ್ಕೆ ಸಿಗಲಿಲ್ಲ. 1875ರಲ್ಲಿ ಅಮೆರಿಕದ ಕಾಂಗ್ರೆಸ್‌ಗೆ ಸಲ್ಲಿಸಿದ ಸೇನೆಯ ವರದಿ ಕನಿಷ್ಠ 105 ಅಂದಿತು. ಅದರಲ್ಲಿ 81 ಜನರ ಹೆಸರೇ ಇತ್ತು.

ಈ 81 ಹೆಸರನ್ನು ನೆನಪಿಟ್ಟುಕೊಳ್ಳಿ. ಸತ್ತ ಎರಡೇ ವರ್ಷಕ್ಕೆ ಸರ್ಕಾರಿ ಕಾಗದದಲ್ಲಿ ಅವರ ಹೆಸರು ಸೇರಿಹೋಗಿತ್ತು.

ಊರಿನಲ್ಲಿ ಮೊದಲ ಕಲ್ಲು ಎದ್ದದ್ದು 1921ರಲ್ಲಿ. ಅದು ಊರಿನ ಸ್ಮಶಾನದಲ್ಲಿದೆ. ಎರಡಾಳೆತ್ತರದ ಅಮೃತಶಿಲೆಯ ಕಂಬ. ಮೇಲೆ ಮೂರು ಹೆಸರು: ಸ್ಟೀಫನ್ ಡೆಕಟರ್ ಪ್ಯಾರಿಶ್, ಜೇಮ್ಸ್ ವೆಸ್ಟ್ ಹ್ಯಾಡ್ನಟ್, ಸಿಡ್ನಿ ಹ್ಯಾರಿಸ್. ಇವರು ಕೋಲ್‌ಫ್ಯಾಕ್ಸ್ ಗಲಭೆಯಲ್ಲಿ ಬಿಳಿಯರ ಮೇಲ್ಮೆಗಾಗಿ ಹೋರಾಡುತ್ತಾ ಬಿದ್ದ ವೀರರು ಅಂತ ಕೆತ್ತಿದ್ದಾರೆ. ಸುತ್ತಿಬಳಸಿ ಹೇಳಿಲ್ಲ. ನಾಡಿಗಾಗಿ, ಕಾನೂನಿಗಾಗಿ, ಮನೆ ಮಠಕ್ಕಾಗಿ ಅಂತ ಯಾವ ನೆಪವನ್ನೂ ಬರೆದಿಲ್ಲ. ಬಿಳಿಯರ ಮೇಲ್ಮೆಗಾಗಿ ಅಂತಲೇ ಇದೆ. ಐವತ್ತು ವರ್ಷದ ಹಿಂದಿನ ಘಟನೆಗೆ 1921ರಲ್ಲಿ ಏಕೆ ಕಲ್ಲು ನಿಲ್ಲಿಸಿದರು ಅಂದರೆ, ಆ ಹೊತ್ತಿಗೆ ಹಾಗೆ ಬರೆಯಲು ಯಾರ ಅಂಜಿಕೆಯೂ ಉಳಿದಿರಲಿಲ್ಲ. 1898ರಲ್ಲಿ ಲೂಯಿಸಿಯಾನಾ ಹೊಸ ಸಂವಿಧಾನ ಬರೆದುಕೊಂಡಿತು. ಓದು ಬರಹದ ಪರೀಕ್ಷೆ, ಆಸ್ತಿಯ ಷರತ್ತು ತಂದಿತು. ಆದರೆ 1867ಕ್ಕೆ ಮೊದಲೇ ನಿಮ್ಮ ತಾತನಿಗೋ ಅಪ್ಪನಿಗೋ ಮತ ಇದ್ದಿದ್ದರೆ ಪರವಾಗಿಲ್ಲ, ಪರೀಕ್ಷೆ ಬೇಡ ಅಂತ ಬಿಳಿಯರಿಗೆ ಒಂದು ಸಂದಿ ಬಿಟ್ಟಿತು. ಕಪ್ಪು ಮತದಾರರು 1 ಲಕ್ಷ 30 ಸಾವಿರದಿಂದ 1900ರ ಹೊತ್ತಿಗೆ 5 ಸಾವಿರದ ಚಿಲ್ಲರೆಗೆ ಇಳಿದರು. 1921 ಅಂದರೆ ಓಕ್ಲಹೋಮಾದ ಟಲ್ಸಾದಲ್ಲಿ ಕಪ್ಪು ಜನರ ಒಂದು ಇಡೀ ಬಡಾವಣೆಯನ್ನು ಸುಟ್ಟ ವರ್ಷವೂ ಹೌದು.

ನಮ್ಮ ಹಳ್ಳಿಗಳ ವೀರಗಲ್ಲು ನೋಡಿ ಬೆಳೆದವನು ನಾನು. ಹಾಗಾಗಿ ಈ ಕಂಬದ ಮಾತು ನನಗೆ ಪೂರ್ತಿ ಅಪರಿಚಿತ ಅಲ್ಲ. ವೀರಗಲ್ಲಿನಲ್ಲೂ ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವುದು, ಮೇಲೆ ಕೈಲಾಸ ಇರುತ್ತದೆ. ಕಲ್ಲು ನಿಲ್ಲಿಸುವುದು ಸತ್ತವನ ಕಡೆಯವರು. ಅವನ ಕೈಯಲ್ಲಿ ಸತ್ತವರು ಕೆಳಗಿನ ಸಾಲಿನಲ್ಲಿ ಮುಖವಿಲ್ಲದೆ ಬಿದ್ದಿರುತ್ತಾರೆ. ಆದರೆ ಒಂದು ದೊಡ್ಡ ವ್ಯತ್ಯಾಸ ಇದೆ. ತುರುಗೊಳ್ ಕಾಳಗದ ಎರಡು ಕಡೆಯವರ ಮೊಮ್ಮಕ್ಕಳು ಇವತ್ತು ಯಾರು ಅಂತ ಯಾರಿಗೂ ಗೊತ್ತಿಲ್ಲ. ಕೋಲ್‌ಫ್ಯಾಕ್ಸ್‌ನಲ್ಲಿ ಕೊಂದವರ ಮಕ್ಕಳೂ ಸತ್ತವರ ಮಕ್ಕಳೂ ಅದೇ ಊರಲ್ಲಿ, ಅದೇ ಅಂಗಡಿಗೆ ಹೋಗಿಬಂದು ಬದುಕುತ್ತಿದ್ದರು. ಊರಿನಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಕಪ್ಪು ಜನಾಂಗದವರು. ಅವರ ಎದುರಿಗೇ ಆ ಕಂಬ ಎದ್ದಿತು.

ಎರಡನೆಯದು ಕೋರ್ಟಿನ ಮುಂದಿನ ಫಲಕ. 1921ರ ಕಂಬ ಮೂವರ ಹೆಸರು ಹೇಳಿತ್ತು, ಉಳಿದವರ ಸುದ್ದಿಯನ್ನೇ ಎತ್ತಿರಲಿಲ್ಲ. 1950ರ ದಶಕದ ಶುರುವಿನಲ್ಲಿ ಬಂದ ಈ ಸರ್ಕಾರಿ ಫಲಕ ಸತ್ತ ಕಪ್ಪು ಜನರನ್ನು ಮೊದಲ ಸಲ ಊರಿನ ಬೀದಿಯಲ್ಲಿ ಲೆಕ್ಕಕ್ಕೆ ತೆಗೆದುಕೊಂಡಿತು. ಆದರೆ ಬರೀ ಲೆಕ್ಕ. 81 ಹೆಸರು ವಾಷಿಂಗ್ಟನ್‌ನ ಕಡತದಲ್ಲಿ 75 ವರ್ಷದಿಂದ ಇದ್ದರೂ ಒಂದನ್ನೂ ತೆಗೆದುಕೊಳ್ಳಲಿಲ್ಲ. 'ಹತರಾದರು' ಅಂದರು, ಕೊಂದವರು ಯಾರು ಅನ್ನಲಿಲ್ಲ. ಓದುವವನಿಗೆ ಯಾವುದೋ ಪ್ರವಾಹ ಬಂದು ಕೊಚ್ಚಿಕೊಂಡು ಹೋದ ಹಾಗೆ ಅನಿಸಬೇಕು.

ಇನ್ನು ಆ 'ಕಾರ್ಪೆಟ್‌ಬ್ಯಾಗ್ ದುರಾಡಳಿತ'. ಯುದ್ಧ ಮುಗಿದ ಮೇಲೆ ಉತ್ತರದಿಂದ ಬಂದ ರಾಜಕಾರಣಿಗಳನ್ನು, ವ್ಯಾಪಾರಿಗಳನ್ನು ದಕ್ಷಿಣದ ಬಿಳಿಯರು ಕಾರ್ಪೆಟ್‌ಬ್ಯಾಗರ್ ಅಂತ ಬೈಯುತ್ತಿದ್ದರು. ಕಾರ್ಪೆಟ್ ಬಟ್ಟೆಯ ಅಗ್ಗದ ಚೀಲ ಹಿಡಿದುಕೊಂಡು ದೋಚಲು ಬಂದವರು ಅಂತ. ಆ ಕಾಲದ ಲೂಯಿಸಿಯಾನಾದಲ್ಲಿ ಲಂಚ ಇತ್ತು, ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಆ ಭಾನುವಾರ ಕೋರ್ಟಿನಲ್ಲಿ ಸತ್ತವರು ಉತ್ತರದಿಂದ ಚೀಲ ಹಿಡಿದು ಬಂದವರಲ್ಲ. ಬಹುತೇಕರು ಅದೇ ರೆಡ್ ನದಿಯ ಹೊಲಗಳಲ್ಲಿ ಗುಲಾಮರಾಗಿ ದುಡಿದು, ಅದೇ ಹೊಲಗಳಲ್ಲಿ ಸ್ವತಂತ್ರರಾದವರು. ಅವರಿಗಿಂತ ಸ್ಥಳೀಯರು ಇನ್ಯಾರು? ಇತಿಹಾಸವಾಗಿಯೂ ಆ ಸಾಲು ತಪ್ಪು. ಕೆಲಾಗ್ ಸರ್ಕಾರ 1873ರಲ್ಲಿ ಬೀಳಲಿಲ್ಲ. ಲೂಯಿಸಿಯಾನಾದಲ್ಲಿ ರಿಪಬ್ಲಿಕನ್ ಆಡಳಿತ ಮುಗಿದದ್ದು 1877ರಲ್ಲಿ, ಕೇಂದ್ರ ಸರ್ಕಾರ ಸೈನ್ಯದ ಬೆಂಬಲ ಹಿಂತೆಗೆದುಕೊಂಡಾಗ.

ಆದರೂ ಆ ಫಲಕದಲ್ಲಿ ಒಂದು ನಿಜ ಅಡಗಿದೆ ಅಂತ ನನಗನಿಸುತ್ತದೆ. ಅದನ್ನು ತಿಳಿಯಲು ನ್ಯೂ ಆರ್ಲಿಯನ್ಸ್‌ನ ಕೋರ್ಟಿಗೆ ಹೋಗಬೇಕು.

ಕೇಂದ್ರ ಸರ್ಕಾರದ ವಕೀಲ ಜೇಮ್ಸ್ ಬೆಕ್‌ವಿತ್ ತೊಂಬತ್ತಕ್ಕೂ ಹೆಚ್ಚು ಜನರ ಮೇಲೆ ಆರೋಪ ಹೊರಿಸಿದ. ಸಿಕ್ಕಿ, ವಿಚಾರಣೆಗೆ ನಿಂತದ್ದು ಒಂಬತ್ತೇ ಜನ. ಕೊಲೆ ಅನ್ನುವುದು ರಾಜ್ಯದ ಕಾನೂನಿನ ವಿಷಯ. ರಾಜ್ಯದಲ್ಲಿ ಕೇಸು ನಡೆಯುವ ಹಾಗಿರಲಿಲ್ಲ. ಹಾಗಾಗಿ 1870ರ ಕೇಂದ್ರ ಕಾಯ್ದೆಯ ಅಡಿಯಲ್ಲಿ, ಕಪ್ಪು ನಾಗರಿಕರ ಹಕ್ಕುಗಳನ್ನು ಕಸಿಯಲು ಸಂಚು ಮಾಡಿದರು ಅಂತ ಕೇಸು ಹಾಕಿದ. ದೋಷಾರೋಪದಲ್ಲಿ ಎರಡು ಹೆಸರು ಮುಖ್ಯವಾಗಿದ್ದವು: ಬದುಕುಳಿದ ಲೆವಿ ನೆಲ್ಸನ್, ಸತ್ತ ಅಲೆಕ್ಸಾಂಡರ್ ಟಿಲ್‌ಮನ್. 1874ರಲ್ಲಿ ಎರಡು ಸಲ ವಿಚಾರಣೆ ಆಯಿತು. ಮೊದಲ ಸಲ ಒಬ್ಬ ಖುಲಾಸೆ, ಉಳಿದವರ ಬಗ್ಗೆ ಪಂಚರು ಒಮ್ಮತಕ್ಕೆ ಬರಲಿಲ್ಲ. ಎರಡನೆಯ ಸಲ ಮೂವರು ತಪ್ಪಿತಸ್ಥರು ಅಂತ ತೀರ್ಪಾಯಿತು. ಅದರಲ್ಲಿ ಒಬ್ಬ ವಿಲಿಯಂ ಕ್ರುಕ್‌ಶ್ಯಾಂಕ್.

ಕೇಸು ಸುಪ್ರೀಂ ಕೋರ್ಟಿಗೆ ಹೋಯಿತು. 1876ರ ಮಾರ್ಚ್ 27ರಂದು ಮುಖ್ಯ ನ್ಯಾಯಮೂರ್ತಿ ಮಾರಿಸನ್ ವೇಟ್ ತೀರ್ಪು ಓದಿದರು. ಎಲ್ಲರಿಗೂ ಕಾನೂನಿನ ಸಮಾನ ರಕ್ಷಣೆ ಕೊಡುವ ಸಂವಿಧಾನದ ಹದಿನಾಲ್ಕನೇ ತಿದ್ದುಪಡಿ ರಾಜ್ಯ ಸರ್ಕಾರಗಳನ್ನು ಕಟ್ಟಿಹಾಕುತ್ತದೆ, ಒಬ್ಬ ಪ್ರಜೆ ಇನ್ನೊಬ್ಬ ಪ್ರಜೆಗೆ ಮಾಡುವುದನ್ನಲ್ಲ. ಅಂಥದ್ದರಿಂದ ಜನರನ್ನು ಕಾಪಾಡುವುದು ರಾಜ್ಯದ ಕೆಲಸ ಅಂತ ಅದರ ಸಾರ. ದೋಷಾರೋಪವೇ ಸರಿಯಿಲ್ಲ ಅಂತ ಮೂವರನ್ನೂ ಬಿಟ್ಟರು. ಕಾಗದದ ಮೇಲೆ ಓದಿದರೆ ಇದೊಂದು ಒಣ ಕಾನೂನಿನ ವಾದ. ನೆಲದ ಮೇಲೆ ಅದರ ಅರ್ಥ ಬೇರೆ. ರಾಜ್ಯ ಕಾಪಾಡುವುದಿಲ್ಲ, ಕೇಂದ್ರಕ್ಕೆ ಅಧಿಕಾರವಿಲ್ಲ. ಮುಸುಕು ಹಾಕಿದ ಗುಂಪು ಮತಗಟ್ಟೆಗೆ ಹೋಗುವವನನ್ನು ಹೊಡೆದರೆ ಕೇಳುವವರು ಯಾರೂ ಇಲ್ಲ. ಕೋಲ್‌ಫ್ಯಾಕ್ಸ್‌ನ ಹೆಣಗಳಿಗಾಗಿ ಒಬ್ಬನೂ ಶಿಕ್ಷೆ ಅನುಭವಿಸಲಿಲ್ಲ ಅನ್ನುವುದು ಅರ್ಧ ಕಥೆ ಮಾತ್ರ. ಆ ಹೆಣಗಳ ಮೇಲೆ ಬಂದ ತೀರ್ಪೇ ಮುಂದಿನ ಎಷ್ಟೋ ದಶಕಗಳ ಕೊಲೆಗಳಿಗೆ ದಾರಿ ಬಿಟ್ಟುಕೊಟ್ಟಿತು. ಆ ಅರ್ಥದಲ್ಲಿ ಒಂದು ಆಡಳಿತದ ಕೊನೆ ಇಲ್ಲಿಂದ ಶುರುವಾಯಿತು ಅಂದರೆ ಸುಳ್ಳಲ್ಲ. ಅದು ಕೊನೆಗೊಂಡದ್ದು ಹೇಗೆ, ಯಾರಿಗೆ ನಷ್ಟ ಅನ್ನುವುದನ್ನು ಫಲಕ ಬರೆಯಲಿಲ್ಲ ಅಷ್ಟೇ.

ನ್ಯಾಶ್‌ನ ಜೊತೆಗಾರರು 1874ರಲ್ಲಿ ವೈಟ್ ಲೀಗ್ ಎಂಬ ಸಂಘ ಕಟ್ಟಿದರು. ಅದು ರಾಜ್ಯದ ತುಂಬ ಹಬ್ಬಿತು. ಅದೇ ಸೆಪ್ಟೆಂಬರ್‌ನಲ್ಲಿ ನ್ಯೂ ಆರ್ಲಿಯನ್ಸ್‌ನ ಬೀದಿಯಲ್ಲಿ ಸರ್ಕಾರದ ಪೊಲೀಸರ ಮೇಲೆ ಯುದ್ಧವನ್ನೇ ಮಾಡಿತು. ಅದಕ್ಕೂ 1891ರಲ್ಲಿ ಒಂದು ಕಂಬ ನಿಲ್ಲಿಸಿದರು. 1932ರಲ್ಲಿ ಅದರ ಮೇಲೆ ಬಿಳಿಯರ ಮೇಲ್ಮೆಯನ್ನು ಹೊಗಳುವ ಸಾಲು ಸೇರಿಸಿದರು. 1974ರಲ್ಲಿ ಪಕ್ಕಕ್ಕೆ ಬೇರೆ ಫಲಕ ಬಂತು, 1993ರಲ್ಲಿ ಕಂಬ ಜಾಗ ಬದಲಿಸಿತು, 2017ರ ಏಪ್ರಿಲ್‌ನಲ್ಲಿ ರಾತ್ರೋರಾತ್ರಿ ಕಿತ್ತರು. ಕೀಳುವ ಕೆಲಸಗಾರರು ಬೆದರಿಕೆಗೆ ಅಂಜಿ ಮುಖ ಮುಚ್ಚಿಕೊಂಡಿದ್ದರು. ಪಕ್ಕದ ಮಿಸಿಸಿಪ್ಪಿಯಲ್ಲಿ ಇದಕ್ಕೆ ತದ್ವಿರುದ್ಧ. 1955ರಲ್ಲಿ ಕೊಲೆಯಾದ ಹದಿನಾಲ್ಕು ವರ್ಷದ ಹುಡುಗ ಎಮೆಟ್ ಟಿಲ್‌ನ ಹೆಣ ಸಿಕ್ಕ ನದಿ ದಂಡೆಯಲ್ಲಿ 2008ರಲ್ಲಿ ಒಂದು ಫಲಕ ಹಾಕಿದರು. ಅದನ್ನು ಕದ್ದರು. ಮತ್ತೆ ಹಾಕಿದ್ದಕ್ಕೆ ಗುಂಡು ಹೊಡೆದು ತೂತು ಮಾಡಿದರು. 2019ರಲ್ಲಿ ಹಾಕಿದ್ದು ಗುಂಡು ತಡೆಯುವ ಫಲಕ, ತೂಕ 200 ಕೆಜಿಗೂ ಜಾಸ್ತಿ. ಹಳೆಯ ಸಂಗತಿ ಬಿಡಿ, ಈಗ ಯಾರಿಗೆ ಏನು ಅನ್ನುವವರು ಆ ಗುಂಡಿನ ತೂತುಗಳನ್ನು ಒಮ್ಮೆ ನೋಡಬೇಕು. ಯಾರಿಗೂ ಏನೂ ಅಲ್ಲದ ಬೋರ್ಡಿಗೆ ಯಾರೂ ರಾತ್ರಿ ಬಂದು ಗುಂಡು ಹೊಡೆಯುವುದಿಲ್ಲ, ಅಲ್ವಾ?

ಕೋಲ್‌ಫ್ಯಾಕ್ಸ್‌ನ ಫಲಕ ಹೋದ ರೀತಿ ನನಗೆ ತುಂಬಾ ಮುಖ್ಯ ಅನಿಸಿತು. ಅಲ್ಲಿ ಮುಖ ಮುಚ್ಚಿಕೊಂಡವರಿರಲಿಲ್ಲ. ಆ ದಿನ ದಾಳಿ ಮಾಡಿದವನೊಬ್ಬನ ವಂಶದವರು ಅದನ್ನು ತೆಗೆಸಲು ಪಟ್ಟು ಹಿಡಿದು ಓಡಾಡಿದರು. ಫಲಕ ಯಾರ ಆಸ್ತಿ ಅನ್ನುವುದೇ ಮೊದಲ ಪ್ರಶ್ನೆಯಾಯಿತು. ನಿಲ್ಲಿಸಿದ ಹಳೆಯ ಇಲಾಖೆ ಹೆಸರು ಬದಲಿಸಿಕೊಂಡಿತ್ತು. ಅದರ ಜಾಗದಲ್ಲಿ ಈಗ ಇರುವ ಇಲಾಖೆ ಹೌದು ನಮ್ಮದೇ ಅಂತ ಒಪ್ಪಿದ ಮೇಲೆ ದಾರಿ ಸುಲಭವಾಯಿತು. 2021ರ ಮೇ 15ರಂದು ಹಗಲಲ್ಲೇ ಇಳಿಸಿದರು. ಅವರ ಜೊತೆ ಕೈ ಜೋಡಿಸಿದವರು ಜೆಸ್ಸಿ ಮೆಕಿನ್ನಿಯ ವಂಶದ ಒಬ್ಬ ಪಾದ್ರಿ. ಬೇಲಿ ಸರಿ ಮಾಡುತ್ತಾ ಸತ್ತ ಅದೇ ಮೆಕಿನ್ನಿ.

ಇಳಿಸಿ ಸುಮ್ಮನಾಗಲಿಲ್ಲ. ಸರಿಯಾಗಿ 150 ವರ್ಷಕ್ಕೆ, 2023ರ ಏಪ್ರಿಲ್ 13ರಂದು, ಊರಿನ ಮುಖ್ಯ ಬೀದಿಯಲ್ಲಿ ಹೊಸ ಸ್ಮಾರಕ ತೆರೆದರು. ಏಳು ಅಡಿ ಎತ್ತರದ ಕಪ್ಪು ಗ್ರಾನೈಟ್. ಇದರಲ್ಲಿ ಗಲಭೆ ಅಂತ ಇಲ್ಲ, ಹತ್ಯಾಕಾಂಡ ಅಂತ ಇದೆ. ಸತ್ತರು ಅಂತ ಖಾತ್ರಿಯಾದ 57 ಜನರ ಹೆಸರು ಕೆತ್ತಿದ್ದಾರೆ. ಬದುಕುಳಿದ 35 ಜನರ ಹೆಸರೂ ಇದೆ.

ಬದುಕುಳಿದವರ ಹೆಸರನ್ನೂ ಹಾಕಿದ್ದು ನನಗೆ ಬಹಳ ಹಿಡಿಸಿತು. ಸಾಮಾನ್ಯವಾಗಿ ಸ್ಮಾರಕಗಳು ಇದನ್ನು ಮಾಡುವುದಿಲ್ಲ. ಆದರೆ ನೆಲ್ಸನ್ ಮತ್ತು ಬ್ರಿಮ್ ಥರದವರು ಮಾಡಿದ ಕೆಲಸ ಚಿಕ್ಕದೇನಲ್ಲ. ಅವರು ಸಾಕ್ಷಿ ಹೇಳಿದ ಕೇಸು ಸೋತಿತು. ಆದರೆ ಆ ಕೇಸಿಗಾಗಿ ಬರೆದುಕೊಂಡ ಹೇಳಿಕೆಗಳು, ಆಮೇಲೆ ಬಂದ ವರದಿಗಳು ಉಳಿದವು. ಇವತ್ತು ಆ ಭಾನುವಾರದ ಬಗ್ಗೆ ನಾವು ಹೇಳುವುದೆಲ್ಲ ಅಲ್ಲಿಂದ ಬಂದದ್ದು. ಯಾವ ಹೊಸ ಪವಾಡದಿಂದಲೂ ಈ ಕಥೆ 2023ರಲ್ಲಿ ಬೆಳಕಿಗೆ ಬರಲಿಲ್ಲ. ಯಾರಾದರೂ ಹೋಗಿ ಕಡತ ತೆಗೆದು ನೋಡಿದ್ದರೆ 1951ರಲ್ಲೂ ಸಿಗುತ್ತಿತ್ತು, 1921ರಲ್ಲೂ ಸಿಗುತ್ತಿತ್ತು. ಫಲಕ ಬರೆಸುವವರು ನೋಡಲು ಹೋಗಲಿಲ್ಲ. ಸಣ್ಣ ಊರುಗಳ ಇತಿಹಾಸ ದಾಖಲೆ ಇಲ್ಲದೆ ಕಳೆದುಹೋಗುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ಇಲ್ಲಿ ದಾಖಲೆ ಬೇಕಾದಷ್ಟಿತ್ತು. ಆರಿಸಿಕೊಂಡವರು ಬೇರೆ ಇದ್ದರು.

81 ಇದ್ದ ಪಟ್ಟಿ 57 ಆಗಿದೆಯಲ್ಲ ಅಂತ ಕೇಳಬಹುದು. ಕಲ್ಲಿನ ಮೇಲೆ ಕೆತ್ತುವಾಗ ಖಾತ್ರಿಯಾದ ಹೆಸರನ್ನು ಮಾತ್ರ ಕೆತ್ತಿದ್ದನ್ನು ನಾನು ಮೆಚ್ಚುತ್ತೇನೆ. ಹಳೆಯ ಫಲಕ 150 ಅಂತ ಒಂದು ದುಂಡು ಸಂಖ್ಯೆಯನ್ನು ಸಲೀಸಾಗಿ ಬರೆದಿತ್ತು. ಹೆಚ್ಚು ಬರೆದರೆ ಹೆಚ್ಚು ಗೌರವ ಅಂತೇನೂ ಇಲ್ಲ. 57 ಜನ ಯಾರು ಅಂತ ಗೊತ್ತು, ಅವರಿಗೆ ಹೆಂಡತಿ ಮಕ್ಕಳಿದ್ದರು, ಅವರ ಮರಿಮೊಮ್ಮಕ್ಕಳು ಬಂದು ಆ ಹೆಸರಿನ ಮೇಲೆ ಕೈ ಇಡಬಹುದು.

ಸ್ಮಶಾನದ ಕಂಬದ ಮಾತು ಉಳಿಯಿತು. ಹೊಸ ಸ್ಮಾರಕ ತೆರೆದ ದಿನವೂ ಅದು ಅಲ್ಲೇ ಇತ್ತು. ಅದನ್ನೂ ಕೀಳಬೇಕು ಅನ್ನುವವರಿದ್ದಾರೆ, ಅವರ ನೋವು ನನಗೆ ಅರ್ಥವಾಗುತ್ತದೆ. ಕೋರ್ಟಿನ ಮುಂದಿನ ಫಲಕ ಹೋಗಲೇಬೇಕಿತ್ತು. ಅದು ಸರ್ಕಾರದ ಮಾತು, ನ್ಯಾಯ ಕೇಳಲು ಹೋಗುವವರ ಎದುರಿಗೆ ಸರ್ಕಾರದ ಹೆಸರಲ್ಲಿ ನಿಂತ ಸುಳ್ಳು. ಕಂಬದ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ಆ ದಿನ ಯಾಕೆ ನಡೆಯಿತು ಅಂತ ಕೊಂದವರ ಕಡೆಯವರೇ ಇಷ್ಟು ನೇರವಾಗಿ ಕಲ್ಲಲ್ಲಿ ಬರೆದುಕೊಟ್ಟ ಹೇಳಿಕೆ ಇನ್ನೊಂದು ಸಿಗಲಾರದು. ನಾಳೆ ಯಾರಾದರೂ ಅದು ಬರೀ ಚುನಾವಣೆಯ ಜಗಳ ಕಣ್ರೀ ಅಂತ ವಾದ ಮಾಡಿದರೆ, ಈ ಕಂಬದ ಹತ್ತಿರ ಕರೆದುಕೊಂಡು ಹೋದರೆ ಸಾಕು. ಆದರೆ ಅದನ್ನು ಒಂಟಿಯಾಗಿ ಮಾತಾಡಲು ಬಿಡಬಾರದು. ಪಕ್ಕದಲ್ಲಿ ಮೊಣಕಾಲೆತ್ತರದ ಒಂದು ಚಿಕ್ಕ ಕಲ್ಲು ಇಟ್ಟರೂ ಆದೀತು. ಅದರಲ್ಲಿ ಇಷ್ಟು ಬರೆದರೆ ಸಾಕು: ಈ ಮೂವರು ಸತ್ತ ದಿನ ಅವರ ಜೊತೆಗಾರರು ಶರಣಾದವರನ್ನು ಸಾಲು ನಿಲ್ಲಿಸಿ ಕೊಂದರು. ಆ ದಿನ ಸತ್ತ ಕಪ್ಪು ಜನರಲ್ಲಿ 57 ಜನರ ಹೆಸರು ಈ ಊರಿನ ಮುಖ್ಯ ಬೀದಿಯಲ್ಲಿದೆ. ಈ ಕಂಬವನ್ನು 1921ರಲ್ಲಿ ನಿಲ್ಲಿಸಿದವರಿಗೆ ಆ ಹೆಸರುಗಳು ಸಿಗುತ್ತಿದ್ದವು.